ಚಾಂಪಿಯನ್ ಮನೆಯ ಹಲಗೆ

ಶನಿವಾರ ಬೆಳಿಗ್ಗೆ ಪೇಪರು ತರಲು ನಿಲುವಂಗಿಯಲ್ಲೇ ಹೊರಗೆ ಬಂದ ಲೈಲ್ ಹ್ಯಾಗರ್ಟಿಗೆ ತನ್ನ ಮನೆಯ ಮುಂದಿನ ಹುಲ್ಲಿನಲ್ಲಿ ರಾತ್ರೋರಾತ್ರಿ ಒಂದು ಹಲಗೆ ಮೊಳೆತು ನಿಂತಿರುವುದು ಕಂಡಿತು. ನೀಲಿ ಹಲಗೆ, ಎರಡು ತಂತಿ ಕಾಲು, ಮೂಲೆಮೂಲೆಗೆ ಬಂಗಾರದ ನಕ್ಷತ್ರ. ‘ಈ ಮನೆಯಲ್ಲಿ ರಾಜ್ಯ ಗಣಿತ ಚಾಂಪಿಯನ್ ವಾಸಿಸುತ್ತಾರೆ!’ ಎಂದು ಅದರ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು.

ಲೈಲ್ ಅದನ್ನು ಮತ್ತೆ ಮತ್ತೆ ಓದಿದ. ಆಮೇಲೆ ತಲೆಯೆತ್ತಿ ಮನೆ ನೋಡಿದ. ಮನೆ ಅವನದೇ.

ಸೈಕಮೋರ್ ಬೀದಿಯಲ್ಲಿ ಇಂಥ ಹಲಗೆಗಳಿಗೆ ಬರವಿರಲಿಲ್ಲ. ಮಕ್ಕಳು ಏನೇ ಗೆದ್ದರೂ ಪಾಲಕರ ಸಂಘದ ಹಲಗೆ ಸಮಿತಿಯವರು ಬೆಳಕು ಹರಿಯುವ ಮುಂಚೆಯೇ ಬಂದು ಅಂಗಳದಲ್ಲಿ ಒಂದು ನೆಟ್ಟುಹೋಗುವುದು ಆ ಊರಿನ ವಾಡಿಕೆ. ಮೊದಲು ಮಕ್ಕಳ ಹೆಸರನ್ನೂ ಬರೆಸುತ್ತಿದ್ದರು. ಯಾರ ಹೆಸರಿನ ಅಕ್ಷರ ದೊಡ್ಡದು ಎಂಬುದರ ಮೇಲೆ ಇಬ್ಬರು ತಾಯಂದಿರು ಹಣ್ಣಿನ ಅಂಗಡಿಯಲ್ಲಿ ಕಿತ್ತಾಡಿ, ಕುಂಬಳಕಾಯಿಗಳು ನೆಲಕ್ಕೆ ಉರುಳಿ, ಅಂದಿನಿಂದ ಹೆಸರು ಹೋಗಿ ಬಿರುದು ಮಾತ್ರ ಉಳಿಯಿತು. ಎದುರು ಮನೆಯ ಗ್ರೆಚೆನ್ ಪೀಬಾಡಿಯ ಅಂಗಳದಲ್ಲಿ ಮಗ ಪಿಯರ್ಸ್‌ನ ಹಲಗೆಗಳು ಎಷ್ಟಿದ್ದವೆಂದರೆ ಬಿಸಿಲು ತಾಗದೆ ಹುಲ್ಲು ಹಳದಿಯಾಗಿತ್ತು. ರೋಬಾಟು, ರಸಾಯನ, ಖಗೋಳ, ಮಿದುಳು, ಮಣ್ಣು, ಹೀಗೆ ದೇವರು ಸೃಷ್ಟಿಸಿದ ಪ್ರತಿಯೊಂದರಲ್ಲೂ ಆ ಹುಡುಗನಿಗೆ ಏನಾದರೊಂದು ಸ್ಥಾನ ಬಂದಿತ್ತು. ಅವಳ ಪಕ್ಕದ ಮನೆಯ ದಂತವೈದ್ಯ ವೆಂಡೆಲ್ ಬರ್ಕ್‌ನ ಅವಳಿ ಮಕ್ಕಳಿಗೆ ಭೌತಶಾಸ್ತ್ರದಲ್ಲಿ ಒಬ್ಬನಿಗೆ ಬೆಳ್ಳಿ, ಇನ್ನೊಬ್ಬನಿಗೆ ಕಂಚು. ಬೆಳ್ಳಿ ಬಂದ ದಿನದಿಂದ ಕಂಚಿನವನು ಅಡುಗೆಮನೆಯಲ್ಲೇ ನಿಂತು ಉಣ್ಣುತ್ತಾನೆಂದು ಬೀದಿಯಲ್ಲಿ ಸುದ್ದಿ.

ಲೈಲ್‌ನ ಅಂಗಳದಲ್ಲಿ ಮಾತ್ರ ಇದುವರೆಗೆ ಹುಲ್ಲು ಬಿಟ್ಟು ಬೇರೇನೂ ಬೆಳೆದಿರಲಿಲ್ಲ. ಅವನು ಊರಿನ ಹಾಸಿಗೆ ಅಂಗಡಿಯ ಮ್ಯಾನೇಜರು. ಹೆಂಡತಿ ನೋರೀನ್ ಆಸ್ಪತ್ರೆಯಲ್ಲಿ ನರ್ಸು. ಆ ವಾರ ಅವಳಿಗೆ ಬೆಳಗಿನಿಂದ ಸಂಜೆವರೆಗೆ ಪಾಳಿ. ಒಬ್ಬಳೇ ಮಗಳು ಕೋರಾ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಳು, ಶನಿವಾರಗಳಂದು ಡೋನಟ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಅವಳನ್ನು ವಿದರ್ಡನ್ ಕಾಲೇಜಿಗೆ ಸೇರಿಸಬೇಕೆಂಬುದು ಲೈಲ್‌ನ ಒಂದೇ ಒಂದು ಆಸೆ. ಹರೆಯದಲ್ಲಿ ಆ ಕಾಲೇಜು ಅವನನ್ನು ಬೇಡವೆಂದಿತ್ತು. ಹಾಗಾಗಿಯೇ ತಾನು ಊರವರೆಲ್ಲರ ಬೆನ್ನುನೋವು ಕೇಳುತ್ತ ಬದುಕುವಂತಾಯಿತೆಂದು ಅವನ ನಂಬಿಕೆ. ಕಾಲೇಜಿಗೆ ಅರ್ಜಿ ಹಾಕಲು ಉಳಿದಿದ್ದು ಒಂದೇ ವಾರ. ಅರ್ಜಿಯಲ್ಲಿ ‘ಬಹುಮಾನಗಳು’ ಎಂಬ ಜಾಗ ಅಂಗೈಯಂತೆ ಖಾಲಿಯಿತ್ತು.

ಈ ಹಲಗೆ ಯಾರದೆಂದು ಅವನಿಗೆ ಅನುಮಾನವೇ ಬರಲಿಲ್ಲ. ಹಿಂದುಗಡೆ ಸೈಕಮೋರ್ ಓಣಿ ಎಂದು ಇನ್ನೊಂದಿದೆ. ಅಲ್ಲಿನ ಇದೇ ನಂಬರಿನ ಮನೆಯಲ್ಲಿ ನಾಲ್ಕು ಮಕ್ಕಳು, ನಾಲ್ವರೂ ಅತಿ ಜಾಣರು. ಅವರ ಕಾಗದ, ಅವರ ಪಿಜ್ಜಾ, ಒಮ್ಮೆ ಅವರ ಅಜ್ಜಿಯೂ ತಪ್ಪಿ ಲೈಲ್‌ನ ಮನೆಗೇ ಬಂದಿದ್ದುಂಟು. ಹಲಗೆಯೂ ಹಾಗೆಯೇ ದಾರಿ ತಪ್ಪಿದೆ. ಕಿತ್ತು ಕೊಟ್ಟುಬರೋಣವೆಂದು ಲೈಲ್ ಬಗ್ಗಿ ಅದರ ಎರಡೂ ಕಾಲು ಹಿಡಿದ.

“ಗಟ್ಟಿಯಾಗಿ ನೆಡಿ, ಗಟ್ಟಿಯಾಗಿ! ಗಾಳಿಗೆ ಹಾರಿಹೋದೀತು!”

ತಿರುಗಿ ನೋಡಿದರೆ ವೆಂಡೆಲ್ ಬರ್ಕ್. ಒಂದು ಕೈಯಲ್ಲಿ ನಾಯಿಯ ಹಗ್ಗ, ಇನ್ನೊಂದರಲ್ಲಿ ನಾಯಿ ಮಾಡಿದ್ದನ್ನು ಎತ್ತಿಕೊಳ್ಳುವ ಚೀಲ. ಹನ್ನೊಂದು ವರ್ಷದಿಂದ ಈ ಬೀದಿಯಲ್ಲಿದ್ದರೂ ವೆಂಡೆಲ್ ಅವನ ಮುಖವನ್ನು ನೇರ ನೋಡಿದ್ದು ಒಂದೇ ಸಲ, ಅದೂ ದವಡೆ ಹಲ್ಲು ಕೀಳುವಾಗ. ಈಗ ಚೀಲವನ್ನು ಹಗ್ಗ ಹಿಡಿದ ಕೈಗೆ ಬದಲಾಯಿಸಿ, ಖಾಲಿಯಾದ ಕೈಯಿಂದ ಲೈಲ್‌ನ ಕೈಯನ್ನು ಹಿಡಿದು ಕುಲುಕಿದ.

“ಏನ್ರೀ ಲೈಲ್, ಬಾಯಿ ಬಿಡದೇ ಕೂತಿದ್ರಲ್ಲ! ರಾಜ್ಯಕ್ಕೇ ಚಾಂಪಿಯನ್! ಆ ಡೋನಟ್ ಹುಡುಗಿ!”

“ಇಲ್ಲ ವೆಂಡೆಲ್, ಇದು—”

“ಈ ನಮ್ರತೆ ಗಿಮ್ರತೆ ಬೇಡ. ಭಾನುವಾರ ನಮ್ಮನೇಗೆ ಊಟಕ್ಕೆ ಬನ್ನಿ. ಮಾಂಸ ಸುಡ್ತೀವಿ. ಅವಳೂ ಬರಲಿ, ನಮ್ಮ ಹುಡುಗರ ಪಕ್ಕದಲ್ಲಿ ಕೂರಲಿ. ಬೆಳ್ಳಿ ಹುಡುಗನ ಪಕ್ಕದಲ್ಲಿ.”

ಹನ್ನೊಂದು ವರ್ಷದಲ್ಲಿ ಒಂದು ಬಿಸ್ಕತ್ತನ್ನೂ ಕೊಡದ ಮನೆಯಿಂದ ಊಟದ ಕರೆ. ಲೈಲ್‌ನ ನಾಲಿಗೆಯ ತುದಿಗೆ ಬಂದಿದ್ದ ನಿಜ ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಿತು. “ಬರ್ತೀವಿ” ಎಂದ.

ಅಷ್ಟು ಹೊತ್ತಿಗೆ ಗ್ರೆಚೆನ್ ಪೀಬಾಡಿ ರಸ್ತೆ ದಾಟಿ ಬಂದಳು. ಪಾಲಕರ ಸಂಘದ ಅಧ್ಯಕ್ಷೆ ಅವಳೇ. ಕುಂಬಳಕಾಯಿ ಜಗಳದ ಇಬ್ಬರು ತಾಯಂದಿರಲ್ಲಿ ಒಬ್ಬಳೂ ಅವಳೇ. ಅಂದಿನಿಂದ ಹಲಗೆ ಸಮಿತಿಯವರು ಅವಳೊಂದಿಗೆ ಮಾತು ಬಿಟ್ಟಿದ್ದರಿಂದ ಈ ಹಲಗೆಯ ಸುದ್ದಿ ಅವಳಿಗೆ ಮೊದಲೇ ಸಿಕ್ಕಿರಲಿಲ್ಲ. ಹಲಗೆಯನ್ನು ಮೇಲಿಂದ ಕೆಳಗೆ ಓದಿದಳು, ಲೈಲ್‌ನನ್ನೂ ಹಾಗೇ ಓದಿದಳು, ನಿಲುವಂಗಿಯ ಕಾಫಿ ಕಲೆಯ ಸಮೇತ.

“ಯಾರು?” ಎಂದಳು.

“ಯಾರು ಅಂದ್ರೆ?”

“ಕೋಚು ಯಾರು ಅಂತ ಕೇಳ್ತಿದೀನಿ. ಸುಮ್ಮನೆ ನಾಟಕ ಆಡ್ಬೇಡಿ ಲೈಲ್. ಡೋನಟ್ ಮಾರೋ ಹುಡುಗಿ ಸುಮ್ಮಸುಮ್ಮನೆ ಚಾಂಪಿಯನ್ ಆಗ್ತಾಳಾ? ಯಾರನ್ನೋ ಗುಟ್ಟಾಗಿ ಇಟ್ಕೊಂಡಿದೀರಿ. ಹೆಸರು ಹೇಳಿ.”

“ಯಾರೂ ಇಲ್ಲ ಗ್ರೆಚೆನ್.”

“ಯಾರೂ ಇಲ್ಲವಂತೆ! ನೋಡಿ ವೆಂಡೆಲ್, ಇವರ ಹೊಟ್ಟೆಕಿಚ್ಚು ನೋಡಿ! ಇನ್ನೊಬ್ಬರ ಮಗುಗೆ ಒಳ್ಳೇದಾಗೋದು ಇವರಿಗೆ ಬೇಡ!”

ಆ ಹೊತ್ತಿಗೆ ಅವಳ ಬೆನ್ನ ಹಿಂದೆ ಬೀದಿಯಲ್ಲಿ ಒಂದು ಬಿಳಿ ವ್ಯಾನು ಹೋಯಿತು. ಅದರ ಮೇಲೆ ಬರೆದಿತ್ತು: ‘ಡ್ರಾಗೋ: ನಲ್ಲಿ ಮತ್ತು ಚರಂಡಿ ರಿಪೇರಿ.’ ಲೈಲ್‌ನ ಬಾಯಿ ಅವನನ್ನು ಕೇಳದೆ ತಾನೇ ಉತ್ತರ ಕೊಟ್ಟಿತು.

“ಪ್ರೊಫೆಸರ್ ಡ್ರಾಗೋ.”

ಗ್ರೆಚೆನ್‌ಳ ಕಣ್ಣು ಪಂದ್ಯದ ಕುದುರೆಯ ಕಣ್ಣಿನಂತೆ ಅರಳಿತು. ನಿಂತ ಕಾಲಲ್ಲೇ ಮನೆಗೆ ಓಡಿದಳು.

ಲೈಲ್ ಒಳಗೆ ಬಂದಾಗ ಕೋರಾ ಡೋನಟ್ ಅಂಗಡಿಯ ಟೋಪಿ ಹಾಕಿಕೊಂಡು ಹಾಲಿನಲ್ಲಿ ನೆನೆಸಿದ ಸೀರಿಯಲ್ ಕಾಳು ತಿನ್ನುತ್ತಿದ್ದಳು.

“ಅಪ್ಪ, ಹೊರಗಿರೋ ಹಲಗೆ ನೋಡಿದ್ಯಾ? ನಿಂಗೊಂದು ವಿಷಯ—”

“ಅದರ ಸುದ್ದಿ ಎತ್ತಬೇಡ! ಯಾರು ಏನು ಕೇಳಿದರೂ ಬಾಯಿ ಬಿಡಬೇಡ. ಎಲ್ಲಾ ನಾನು ನೋಡ್ಕೋತೀನಿ.”

“ಏನು ನೋಡ್ಕೋತೀಯಾ? ಅಪ್ಪ, ಒಂದು ನಿಮಿಷ ಕೇಳು. ಸೋಮವಾರದಿಂದ ಹೇಳ್ಬೇಕು ಅಂತ—”

“ಸಂಜೆ, ಸಂಜೆ. ಇವತ್ತು ಲೈಬ್ರರಿಯಲ್ಲಿ ಪಾಲಕರ ಸಭೆಗೆ ವಿದರ್ಡನ್‌ನವರು ಬರ್ತಿದಾರೆ, ನನ್ನ ತಲೆ ನೆಟ್ಟಗಿಲ್ಲ. ತಿನ್ನು, ತಿನ್ನು.”

ಕೋರಾ ಹೆಗಲು ಕುಣಿಸಿದಳು. ಸೋಮವಾರ ಅವನು ಫೋನಿನಲ್ಲಿ ಯಾವುದೋ ಸಲಹೆಗಾರನ ಜೊತೆ, ಮಗಳಿಗೆ ಒಂದಾದರೂ ಬಹುಮಾನ ಹೇಗೆ ಬರಿಸುವುದೆಂದು ಮಾತಾಡುತ್ತಿದ್ದ. ಆಗ ಅವಳು ಎದುರಿಗೆ ಬಂದು ನಿಂತರೆ ಕೈ ಬೀಸಿ ಆಚೆ ಕಳಿಸಿದ್ದ. ಮಂಗಳವಾರ, ಬುಧವಾರವೂ ಇದೇ ಆಗಿತ್ತು. ಅವಳು ಬಟ್ಟಲು ತೊಳೆದಿಟ್ಟು ಅಪ್ಪನ ಆರಿದ ಕಾಫಿಯನ್ನು ಬಿಸಿ ಮಾಡಿ ಮುಂದಿಟ್ಟು ಹೊರಟುಹೋದಳು.

ಲೈಲ್ ಅಂಗಡಿಗೆ ಹೊರಟು ಕಾರಿನ ಕಡೆ ಹೋಗುವಾಗ ಪಕ್ಕದ ಮನೆಯ ಮುದುಕಿ ಅಬರ್ನಾತಿ ಬೇಲಿಯಾಚೆಯಿಂದ ಕರೆದಳು. ಅವಳು ಹಿಮ ಬಿದ್ದ ಬೆಳಗುಗಳಲ್ಲಿ ಯಾರಿಗೂ ಹೇಳದೆ ಲೈಲ್‌ನ ಪೇಪರನ್ನು ಎತ್ತಿ ಬಾಗಿಲಿಗೆ ಒರಗಿಸಿ ಹೋಗುವವಳು. “ಹಲಗೆ ನೋಡಿ ಅತ್ತುಬಿಟ್ಟೆ ಕಣಪ್ಪ. ಹೋದ ಶನಿವಾರ ನಾನೇ ಅಲ್ವಾ ಅವಳನ್ನ ಕಾರಲ್ಲಿ ಬಿಟ್ಟಿದ್ದು? ಪಾಪ, ಕೈ ತಣ್ಣಗಾಗಿತ್ತು. ಒಂದು ಪೆಪ್ಪರ್‌ಮಿಂಟ್ ಕೊಟ್ಟೆ.”

ಡೋನಟ್ ಮಾರಲು ಹೋಗುವವಳ ಕೈ ತಣ್ಣಗಾಗುವುದೇಕೆಂದು ಲೈಲ್‌ಗೆ ಅರ್ಥವಾಗಲಿಲ್ಲ. ವಯಸ್ಸಾದವರು, ಏನೋ ಕಲಸಿಕೊಂಡಿದ್ದಾರೆ ಎಂದುಕೊಂಡು ತಲೆಯಾಡಿಸಿ ಹೊರಟ.

ಹಾಸಿಗೆ ಅಂಗಡಿಯಲ್ಲಿ ಅಂದು ಎಂದಿಲ್ಲದ ಜನ. ಎಲ್ಲರೂ ತಾಯಂದಿರು. ಒಬ್ಬೊಬ್ಬರೂ ಒಂದೊಂದು ಹಾಸಿಗೆಯ ಮೇಲೆ ಬೂಟು ಕಳಚಿ ಮಲಗಿ, ಚಾವಣಿ ನೋಡುತ್ತ ಪ್ರಶ್ನೆ ಕೇಳತೊಡಗಿದರು.

“ಲೈಲ್, ಈ ಹಾಸಿಗೆ ಚೆನ್ನಾಗಿದೆ. ಅಂದಹಾಗೆ, ಕೋರಾ ಎಷ್ಟು ಹೊತ್ತು ಮಲಗ್ತಾಳೆ?”

“ಎಬ್ಬಿಸೋ ತನಕ.”

ಮೂರು ಹಾಸಿಗೆಯಾಚೆಯಿಂದ ಇನ್ನೊಬ್ಬಳು ತಟ್ಟನೆ ಎದ್ದು ಕೂತಳು. “ಕೇಳಿದ್ರಾ? ನಿದ್ದೆ! ನಿದ್ದೇಲೇ ಇದೆ ಗುಟ್ಟು! ನಾನು ನನ್ನ ಮಗನ್ನ ಬೆಳಿಗ್ಗೆ ನಾಲ್ಕಕ್ಕೇ ಎಬ್ಬಿಸಿ ಹಾಳು ಮಾಡ್ಬಿಟ್ಟೆ.”

“ಬೆಳಿಗ್ಗೆ ಏನು ತಿಂತಾಳೆ?”

“ಬಣ್ಣಬಣ್ಣದ ಸೀರಿಯಲ್.”

“ಸಕ್ಕರೇದಾ?” ಎಂದು ಮೂವರು ಒಟ್ಟಿಗೆ ಕೇಳಿದರು. ಒಬ್ಬಳು ಅದನ್ನು ಅಂಗೈ ಮೇಲೆ ಪೆನ್ನಿನಿಂದ ಗೀಚಿಕೊಂಡಳು. ಇಷ್ಟು ದಿನ ಮಕ್ಕಳ ಬಾಯಿಗೆ ಬರೀ ಹುಳಿಮೊಸರು, ಬಾದಾಮಿ ತುರುಕಿದವಳು ಅವಳು.

“ಯಾವ ಹಾಸಿಗೆ ಮೇಲೆ ಮಲಗೋದು?”

ಲೈಲ್ ಮೂಲೆಯಲ್ಲಿದ್ದ ಒಂದನ್ನು ತೋರಿಸಿದ. ಮೂರು ವರ್ಷದಿಂದ ಯಾರೂ ಮುಟ್ಟದ ಹಾಸಿಗೆ ಅದು. ನಡು ಕುಗ್ಗಿ, ಮಲಗಿದವರು ಹಳ್ಳದಲ್ಲಿ ಬಿದ್ದ ಹಸುವಿನಂತೆ ಏಳಲಾರದೆ ಒದ್ದಾಡುತ್ತಿದ್ದರು. ಮಧ್ಯಾಹ್ನದೊಳಗೆ ಆ ಜಾತಿಯ ಹಾಸಿಗೆ ಗೋದಾಮಿನಲ್ಲಿ ಒಂದೂ ಉಳಿಯಲಿಲ್ಲ. ಬುದ್ಧಿವಂತ ಮಕ್ಕಳನ್ನು ಬೆಳೆಸುತ್ತಿರುವ ಊರು ಎಷ್ಟು ಸುಲಭವಾಗಿ ಬೆನ್ನು ಮುರಿದುಕೊಳ್ಳುತ್ತದೆ ಎಂದು ಅವನಿಗೇ ಆಶ್ಚರ್ಯವಾಯಿತು.

ಊಟದ ಹೊತ್ತಿಗೆ ಫೋನು ಬಂತು. ಗಂಟಲು ಒರಟು.

“ಹ್ಯಾಗರ್ಟಿ ಅವರಾ? ನಾನು ಡ್ರಾಗೋ. ನಲ್ಲಿ ರಿಪೇರಿ. ಯಾರೋ ಪೀಬಾಡಿ ಅನ್ನೋ ಹೆಂಗಸು ಫೋನ್ ಮಾಡಿ, ನನ್ನ ಮಗನಿಗೆ ಗಣಿತ ಹೇಳ್ಕೊಡಿ ಅಂತಿದಾರೆ. ನೀವೇ ಹೆಸರು ಕೊಟ್ರಂತೆ. ಫೋನ್ ಪುಸ್ತಕದಲ್ಲಿ ಡ್ರಾಗೋ ಅಂತ ಇರೋದು ನಾನೊಬ್ಬನೇ.”

ಲೈಲ್ ಹಾಸಿಗೆಯ ಮೇಲೆ ಕುಸಿದ. “ನೀವೇನು ಹೇಳಿದ್ರಿ?”

“ನಾನು ಪ್ಲಂಬರ್ ಕಣಮ್ಮ, ಲೆಕ್ಕ ನನಗೆ ಬರಲ್ಲ ಅಂದೆ. ‘ಗೊತ್ತು, ಗೊತ್ತು, ನೀವು ಬಹಿರಂಗವಾಗಿ ಒಪ್ಕೊಳಲ್ಲ’ ಅಂದ್ರು. ದೇವರಾಣೆ ಬರಲ್ಲ ಅಂದೆ. ‘ಇಷ್ಟು ಕಟ್ಟುನಿಟ್ಟಾಗಿರೋರೇ ಬೇಕು’ ಅಂದ್ರು. ಆಮೇಲೆ ಅವರು ಹೇಳಿದ ಸಂಬಳ ಕೇಳಿ ನನಗೂ ಸ್ವಲ್ಪ ಬರುತ್ತೇನೋ ಅನ್ನಿಸ್ತು. ಸಂಜೆ ಲೈಬ್ರರಿಗೆ ಬಾ ಅಂದಿದಾರೆ. ಕೋಟು ಹಾಕ್ಕೊಂಡು ಬರ್ಲಾ?”

ಲೈಲ್ ಫೋನು ಇಟ್ಟ ಕೂಡಲೇ ಗ್ರೆಚೆನ್‌ಳ ಫೋನು.

“ಲೈಲ್, ಸಂಜೆ ನೀವು ವೇದಿಕೆ ಮೇಲೆ ಕೂತ್ಕೋತೀರಿ. ವಿದರ್ಡನ್‌ನ ವಿನಿಫ್ರೆಡ್ ಹೇಲ್ ಪಕ್ಕದಲ್ಲೇ. ‘ಚಾಂಪಿಯನ್‌ಳನ್ನು ಹೇಗೆ ಬೆಳೆಸಿದೆವು’ ಅಂತ ಹತ್ತು ನಿಮಿಷ ಮಾತಾಡ್ಬೇಕು.”

“ನನಗೆ ಹುಷಾರಿಲ್ಲ ಗ್ರೆಚೆನ್.”

“ಪ್ರವೇಶಾಧಿಕಾರಿ ಪಕ್ಕದಲ್ಲಿ ಕೂರೋಕೆ ಈ ಊರಲ್ಲಿ ಜನ ಆಸ್ಪತ್ರೆ ಮಂಚ ಸಮೇತ ಬರ್ತಾರೆ. ಐದು ಗಂಟೆಗೆ ಅಲ್ಲಿರಿ.”

ಲೈಬ್ರರಿಯ ಸಭಾಂಗಣ ಸಂಜೆ ಕಿಕ್ಕಿರಿದಿತ್ತು. ಬಾಗಿಲ ಮೇಲೆ ಅಂದಿನ ವಿಷಯ ಅಂಟಿಸಿದ್ದರು: ‘ಗಣಿತ, ವಿಜ್ಞಾನ ಪಂದ್ಯಗಳ ಬಹುಮಾನಕ್ಕೆ ಕಾಲೇಜು ಪ್ರವೇಶದಲ್ಲಿ ಎಷ್ಟು ಬೆಲೆ?’ ತಂದೆತಾಯಂದಿರು ಮಕ್ಕಳ ಪದಕಗಳನ್ನು ತಾವೇ ಕೊರಳಿಗೆ ಹಾಕಿಕೊಂಡು ಬಂದಿದ್ದರು. ಅವರು ಅತ್ತಿತ್ತ ತಿರುಗಿದಾಗಲೆಲ್ಲ ಸಂತೆಗೆ ಹೊರಟ ಎತ್ತುಗಳ ಕೊರಳಗಂಟೆಯ ಸದ್ದಾಗುತ್ತಿತ್ತು. ಮೊದಲ ಸಾಲಿನ ತುದಿಯಲ್ಲಿ ಮುದುಕಿ ಅಬರ್ನಾತಿ, ಮೊಮ್ಮಕ್ಕಳಿಲ್ಲದವಳು, ಲೈಲ್‌ನ ಮಾತು ಕೇಳಲೆಂದೇ ಟೋಪಿ ಹಾಕಿಕೊಂಡು ಬಂದು ಕೂತಿದ್ದಳು. ಕೊನೆಯ ಸಾಲಿನಲ್ಲಿ ಬಿಗಿಯಾದ ಕೋಟಿನಲ್ಲಿ ಡ್ರಾಗೋ. ಅವನ ಸುತ್ತ ನಾಲ್ಕು ಮಂದಿ ತಾಯಂದಿರು. ಅವನು ಕೆಮ್ಮಿದರೂ ಅದರಲ್ಲೇನೋ ಸೂತ್ರವಿದೆ ಎಂಬಂತೆ ಬಗ್ಗಿ ಕೇಳುತ್ತಿದ್ದರು.

ವಿನಿಫ್ರೆಡ್ ಹೇಲ್ ದಣಿದ ಮುಖದ ಹೆಂಗಸು. ಲೈಲ್ ಖಾಲಿ ಲೋಟವನ್ನೇ ಎತ್ತಿ ಕುಡಿಯುವುದನ್ನು ಕಂಡು ತನ್ನ ನೀರಿನ ಲೋಟವನ್ನು ಅವನ ಕಡೆ ಸರಿಸಿದಳು. ಅವಳು ಬಾಯಿ ತೆರೆಯುವ ಮೊದಲೇ ಪ್ರಶ್ನೆಗಳು ಶುರುವಾದವು.

“ಎರಡು ಕಂಚು ಒಂದು ಬೆಳ್ಳಿಗೆ ಸಮವೇ?” ಎಂದು ವೆಂಡೆಲ್ ಕೇಳಿದ. ಮನೆಯಲ್ಲಿ ಇನ್ನೊಂದು ಕಂಚು ಮಾಡಿಸುವ ಯೋಚನೆ ಅವನ ಮುಖದಲ್ಲೇ ಕಾಣುತ್ತಿತ್ತು.

“ರಾಜ್ಯಮಟ್ಟದ ಎರಡನೇ ಸ್ಥಾನ ದೊಡ್ಡದೋ, ರಾಷ್ಟ್ರಮಟ್ಟದ ಸಮಾಧಾನಕರ ಬಹುಮಾನವೋ?”

“ನಮ್ಮವನು ಫೈನಲ್‌ಗೆ ಹೋಗಿದ್ದ. ಆದರೆ ದಾರೀಲಿ ಕಾರು ಕೆಟ್ಟಿತು. ಅದನ್ನ ಅರ್ಧ ಬಹುಮಾನ ಅಂತ ಬರೀಬಹುದಾ?”

ವಿನಿಫ್ರೆಡ್ ಹೇಲ್ ಕಣ್ಣು ಮುಚ್ಚಿ ತೆರೆದಳು. “ಒಂದು ವಿಷಯ ಹೇಳ್ತೀನಿ. ಹೋದ ವರ್ಷ ಒಂದು ಹಾಸ್ಟೆಲ್ ಮಹಡಿ ತುಂಬ ಪದಕದವರನ್ನೇ ತುಂಬಿದೆವು. ಒಂದು ಸಂಜೆ ಪಡಸಾಲೆಯ ದೀಪ ಸುಟ್ಟುಹೋಯಿತು. ಎಲ್ಲಾ ಮಕ್ಕಳೂ ಕತ್ತಲಲ್ಲೇ ನಿಂತು ವಿದ್ಯುತ್ತಿನ ಬಗ್ಗೆ ವಾದ ಮಾಡಿದರು. ವಾರದವರೆಗೂ ಮಾಡಿದರು. ಸ್ಟೂಲ್ ಹತ್ತಿ ಬಲ್ಬ್ ಬದಲಾಯಿಸೋಕೆ ಮಾತ್ರ ಯಾರೂ ಹೋಗಲಿಲ್ಲ. ಅದಕ್ಕೆ ಬಹುಮಾನ ಇರಲಿಲ್ಲ ನೋಡಿ.”

ಸಭೆ ಗಂಭೀರವಾಗಿ ತಲೆದೂಗಿತು. ಬಲ್ಬ್ ಬದಲಾಯಿಸುವ ರಾಷ್ಟ್ರೀಯ ಪಂದ್ಯ ಎಲ್ಲಿಯಾದರೂ ಇದೆಯೇ ಎಂದು ಇಬ್ಬರು ಆಗಲೇ ಫೋನಿನಲ್ಲಿ ಹುಡುಕುತ್ತಿದ್ದರು.

“ಈಗ,” ಎಂದಳು ಗ್ರೆಚೆನ್, “ನಮ್ಮ ಬೀದಿಯ ಹೆಮ್ಮೆ, ಚಾಂಪಿಯನ್‌ಳ ತಂದೆ ಲೈಲ್ ಹ್ಯಾಗರ್ಟಿ!”

ಲೈಲ್ ಎದ್ದು ನಿಂತ. ಬರುವಾಗ ಕಾರಿನಲ್ಲಿ ಒಂದು ಭಾಷಣ ಕಟ್ಟಿಕೊಂಡಿದ್ದ: ಶ್ರಮ, ಶಿಸ್ತು, ಸಕ್ಕರೆ ಸೀರಿಯಲ್. ಬಾಯಿ ತೆರೆದ. ಎದುರಿಗೆ ಮುದುಕಿ ಅಬರ್ನಾತಿ ಅವನನ್ನೇ ನೋಡುತ್ತ, ಧೈರ್ಯ ತೊಗೋ ಎಂಬಂತೆ ಒಂದು ಪೆಪ್ಪರ್‌ಮಿಂಟನ್ನು ವೇದಿಕೆಯ ಅಂಚಿನ ಮೇಲಿಟ್ಟಳು. ಊರಿಗೇ ಸುಳ್ಳು ಹೇಳಬಹುದು. ಆ ಪೆಪ್ಪರ್‌ಮಿಂಟಿನ ಎದುರು ಹೇಳುವುದು ಕಷ್ಟವಾಯಿತು. ಕಟ್ಟಿದ ಭಾಷಣ ಮಗ್ಗಲು ಬದಲಿಸಿ ಕೆಳಗೆ ಬಿತ್ತು.

“ಆ ಹಲಗೆ ನಮ್ಮದಲ್ಲ,” ಎಂದ. “ತಪ್ಪಿ ನಮ್ಮ ಅಂಗಳಕ್ಕೆ ಬಂದಿದೆ. ಓಣಿಯವರದು. ನಾನು ಬೆಳಿಗ್ಗೆ ಕೀಳೋಕೆ ಹೋಗಿದ್ದೆ, ನೆಡ್ತಿದೀನಿ ಅಂದ್ಕೊಂಡ್ರಿ ವೆಂಡೆಲ್. ಊಟಕ್ಕೆ ಬೇರೆ ಕರೆದ್ರಿ. ಹೇಳೋಕೆ ಬಾಯಿ ಬರಲಿಲ್ಲ. ನನ್ನ ಮಗಳು ಏನೂ ಗೆದ್ದಿಲ್ಲ. ಅವಳಿಗೆ ಗಣಿತ ಬರೋದೇ ಇಲ್ಲ. ಇವತ್ತಿಗೂ ಬೆರಳು ಎಣಿಸ್ತಾಳೆ. ಆ ಡ್ರಾಗೋ ನಲ್ಲಿ ರಿಪೇರಿಯವರು. ಹಾಸಿಗೇನ ಎಲ್ಲರೂ ವಾಪಸ್ ತಂದ್ಕೊಡಿ.”

ಸಭಾಂಗಣದಲ್ಲಿ ಪದಕಗಳು ಕೂಡ ಸದ್ದು ನಿಲ್ಲಿಸಿದವು. ಕೊನೆಯ ಸಾಲಿನಿಂದ ಡ್ರಾಗೋ, “ನಾನು ಮೊದಲೇ ಹೇಳಿದ್ದೆ” ಎಂದ.

ಗ್ರೆಚೆನ್ ಏನೋ ಕಿರಿಚಲು ಬಾಯಿ ತೆರೆದಳು. ಅಷ್ಟರಲ್ಲಿ ವಿನಿಫ್ರೆಡ್ ಹೇಲ್ ನಿಧಾನವಾಗಿ ಕುರ್ಚಿಯಿಂದ ಎದ್ದು ಕನ್ನಡಕ ತೆಗೆದಳು.

“ಒಂದೂ ಬಹುಮಾನ ಇಲ್ಲವಾ?”

“ಇಲ್ಲ.”

“ಚೆಸ್ಸು?”

“ಇಲ್ಲ.”

“ರೋಬಾಟು ಮಾಡಿದ್ದಾಳಾ?”

“ಮನೇಲಿರೋದು ಕಸ ಗುಡಿಸೋ ಮೆಷಿನ್ ಒಂದೇ. ಅದೂ ಕೆಟ್ಟಿದೆ.”

“ಬೇಸಿಗೇಲಿ ಯಾವುದಾದರೂ ಬಡ ದೇಶಕ್ಕೆ ಹೋಗಿ ಬಾವಿ ತೋಡಿ ಫೋಟೋ ತೆಗೆಸಿಕೊಂಡಿದ್ದಾಳಾ?”

“ಬೇಸಿಗೇಲಿ ಡೋನಟ್ ಮಾರಿದಳು.”

ವಿನಿಫ್ರೆಡ್ ಹೇಲ್‌ಳ ಕಣ್ಣು ಒದ್ದೆಯಾಯಿತು. “ಈ ಮಗುವನ್ನ ಎಷ್ಟು ವರ್ಷದಿಂದ ಹುಡುಕ್ತಿದೀನಿ ಗೊತ್ತಾ?” ಎಂದಳು. “ನನ್ನ ಮೇಜಿನ ಮೇಲೆ ಇರೋದೆಲ್ಲ ಚಾಂಪಿಯನ್‌ಗಳೇ. ಓದ್ತಾ ಹೋದರೆ ಯಾರ ಮುಖವೂ ನೆನಪಿರಲ್ಲ. ಏನೂ ಗೆಲ್ಲದ ಒಂದು ಮಗು! ಅದರ ಮೇಲೆ ತುಂಬಿದ ಸಭೇಲಿ ನಿಜ ಹೇಳೋ ತಂದೆ! ಹ್ಯಾಗರ್ಟಿ ಅವರೇ, ನಿಮ್ಮ ಮಗಳನ್ನ ನಾನು ನೋಡಲೇಬೇಕು. ಅವಳ ಅರ್ಜೀನ ನಾನೇ ಕೈಯಲ್ಲಿ ತೊಗೊಂಡು ಹೋಗ್ತೀನಿ.”

ಲೈಲ್ ಕುರ್ಚಿಯ ಬೆನ್ನು ಹಿಡಿದುಕೊಂಡ. ವಿದರ್ಡನ್! ಕೈಯಲ್ಲಿ ತೆಗೆದುಕೊಂಡು ಹೋಗುತ್ತಾರಂತೆ!

ಸಭೆಯ ಬಣ್ಣ ಕಣ್ಣೆದುರೇ ಬದಲಾಯಿತು. ಕೊರಳ ಪದಕಗಳು ಒಂದೊಂದಾಗಿ ಅಂಗಿಯೊಳಗೆ ಜಾರಿದವು.

“ನಮ್ಮ ಪಿಯರ್ಸ್‌ದೂ ದೊಡ್ಡದೇನಲ್ಲ ಮೇಡಂ,” ಎಂದು ಗ್ರೆಚೆನ್ ಮುನ್ನುಗ್ಗಿದಳು, “ಸುಮ್ಮನೆ ಬಂದವರಿಗೆಲ್ಲ ಕೊಡೋ ಪದಕ ಅವು!”

“ಅವಳಿಗಳ ಭೌತಶಾಸ್ತ್ರ ಪೂರ್ತಿ ಮಾಡಿದ್ದು ನಾನು!” ಎಂದು ವೆಂಡೆಲ್ ಎದೆ ತಟ್ಟಿಕೊಂಡ. “ಆ ಹುಡುಗರಿಗೆ ಸ್ಪ್ರಿಂಗ್ ಯಾವುದು, ತಕ್ಕಡಿ ಯಾವುದು ಗೊತ್ತಿಲ್ಲ. ಶುದ್ಧ ದಡ್ಡರು!”

“ನಮ್ಮವನು ಇನ್ನೂ ದಡ್ಡ!” ಎಂದು ಹಿಂದಿನಿಂದ ಯಾರೋ ಕೂಗಿದರು.

ಮಕ್ಕಳನ್ನು ಆಕಾಶಕ್ಕೇರಿಸಿದ್ದ ಬಾಯಿಗಳು ಪಾತಾಳಕ್ಕಿಳಿಸುವ ಪೈಪೋಟಿಗೆ ನಿಂತಿದ್ದಾಗ ಬಾಗಿಲು ತೆರೆದು ಕೋರಾ ಒಳಗೆ ಬಂದಳು. ತಲೆಯ ಮೇಲೆ ಅಂಗಡಿಯ ಟೋಪಿ, ಕೈಯಲ್ಲಿ ಸಭೆಗೆಂದು ತರಿಸಿದ್ದ ಡೋನಟ್ ಪೆಟ್ಟಿಗೆಗಳು, ಕೆನ್ನೆಯ ಮೇಲೆ ಸಕ್ಕರೆ ಪುಡಿ.

“ಇವಳೇ!” ಎಂದ ಲೈಲ್. ಹೆಮ್ಮೆಯಿಂದ ಅವನ ದನಿ ಸೀಳಿತು. “ಇವಳೇ ಮೇಡಂ, ಏನೂ ಗೆಲ್ಲದವಳು!”

ಕೋರಾ ಪೆಟ್ಟಿಗೆಗಳನ್ನು ಮೇಜಿನ ಮೇಲಿಟ್ಟಳು. “ಏನಪ್ಪ ಇದು?”

“ಹಲಗೆ ನಮ್ಮದಲ್ಲ ಅಂತ ಎಲ್ಲಾ ಹೇಳಿಬಿಟ್ಟೆ ಮಗಳೇ. ಇನ್ನು ಹೆದರ್ಬೇಡ.”

“ಆದರೆ ಹಲಗೆ ನಮ್ಮದೇ ಅಪ್ಪ. ನನ್ನದು.”

ಮೊದಲ ಸಾಲಿನಲ್ಲಿ ಮುದುಕಿ ಅಬರ್ನಾತಿ ಒಬ್ಬಳೇ ಹೌದೆಂದು ತಲೆಯಾಡಿಸಿದಳು.

“ಹೋದ ಶನಿವಾರ ಶಾಲೆ ಗಣಿತ ತಂಡಕ್ಕೆ ಒಬ್ಬರು ಕಡಿಮೆ ಆಗಿದ್ರು,” ಎಂದಳು ಕೋರಾ. “ನಾಲ್ಕು ಜನ ಇಲ್ಲದಿದ್ರೆ ಉಳಿದ ಮೂವರಿಗೂ ಪಂದ್ಯಕ್ಕೆ ಕೂರೋಕೆ ಬಿಡಲ್ಲ. ಅವರು ಬೇಸಿಗೆಯಿಂದ ಓದಿದ್ರು, ಪಾಪ, ಅಳ್ತಾ ಇದ್ರು. ಸುಮ್ಮನೆ ಬಂದು ಕೂತ್ಕೋ ಸಾಕು ಅಂದ್ರು ಮೇಷ್ಟ್ರು. ಅಂಗಡಿಗೆ ರಜಾ ಹಾಕಿ ಹೋದೆ. ಅಬರ್ನಾತಿ ಅಜ್ಜಿ ಬಿಟ್ಟುಬಂದ್ರು. ಲೆಕ್ಕ ಚೆನ್ನಾಗಿದ್ವು, ಮಾಡಿದೆ. ನನಗೇ ಮೊದಲನೇದು ಬಂತು. ನಿಂಗೆ ನಾನೇ ಹೇಳ್ಬೇಕು ಅಂತ ಅಮ್ಮನ ಬಾಯಿ ಮುಚ್ಚಿಸಿದ್ದೆ. ಸೋಮವಾರದಿಂದ ಹೇಳ್ತಾನೇ ಇದೀನಿ.”

“ಒಬ್ಬರು ಕಡಿಮೆ ಯಾಕಾದ್ರು?” ಎಂದು ವೆಂಡೆಲ್ ಕೇಳಿದ.

ಕೋರಾ ಡೋನಟ್ ಪೆಟ್ಟಿಗೆಯ ದಾರ ಬಿಚ್ಚತೊಡಗಿದಳು. ಆದರೆ ಗ್ರೆಚೆನ್‌ಳ ಮುಖ ಸುಣ್ಣವಾಗಿದ್ದನ್ನು ಎಲ್ಲರೂ ನೋಡಿದರು. ನಾಲ್ಕನೆಯವನು ಪಿಯರ್ಸ್. ರಾಜ್ಯದ ಗಣಿತಕ್ಕಿಂತ ರಾಷ್ಟ್ರದ ರೋಬಾಟಿಗೆ ತೂಕ ಹೆಚ್ಚೆಂದು ಲೆಕ್ಕ ಹಾಕಿ, ಪಂದ್ಯದ ಬೆಳಿಗ್ಗೆ ಅವನನ್ನು ತಂಡದಿಂದ ಬಿಡಿಸಿ ಎಳೆದೊಯ್ದವಳು ಅವಳೇ. ರೋಬಾಟು ಅಲ್ಲಿ ಮೊದಲ ಸುತ್ತಿನಲ್ಲೇ ಗೋಡೆಗೆ ಗುದ್ದಿ ಬಿದ್ದಿತ್ತು.

ವಿನಿಫ್ರೆಡ್ ಹೇಲ್ ಕನ್ನಡಕವನ್ನು ಮತ್ತೆ ಹಾಕಿಕೊಂಡಳು. ಅವಳ ಮುಖದ ಬೆಳಕು ಅಂಗಡಿ ಮುಚ್ಚುವ ಹೊತ್ತಿನ ದೀಪದಂತೆ ಆರಿತು.

“ಓ,” ಎಂದಳು. “ಗಣಿತ. ರಾಜ್ಯಕ್ಕೆ ಮೊದಲು.” ನಿಟ್ಟುಸಿರಿಟ್ಟಳು. “ಅಭಿನಂದನೆ ಮಗು. ಅರ್ಜಿ ಹಾಕು. ಉಳಿದವರದರ ಜೊತೆ ನೋಡ್ತೀವಿ.”

“ಆದರೆ ಮೇಡಂ, ನಿಜ ಹೇಳೋ ತಂದೆ—” ಎಂದು ಲೈಲ್ ತೊದಲಿದ.

“ಹ್ಯಾಗರ್ಟಿ ಅವರೇ,” ಎಂದಳು ಅವಳು, ಡೋನಟ್ ಒಂದನ್ನು ಕಾಗದದಲ್ಲಿ ಸುತ್ತಿಕೊಳ್ಳುತ್ತ, “ಎಷ್ಟೋ ತಂದೆತಾಯಂದಿರ ಆಟ ನೋಡಿದೀನಿ. ಚಾಂಪಿಯನ್ ಮಗಳನ್ನ ಏನೂ ಬರದವಳು ಅಂತ ಅಳ್ತಾ ಮಾರೋ ಆಟ ಇದೇ ಮೊದಲು. ಚೆನ್ನಾಗಿ ಆಡಿದ್ರಿ. ನಾನಂತೂ ಅತ್ತೇ ಬಿಟ್ಟಿದ್ದೆ.”

ಬೆಳಗಿನಿಂದ ಅವನು ಹೇಳಿದ ದೊಡ್ಡ ಸುಳ್ಳು ನಿಜವಾಗಿತ್ತು. ಹೇಳಿದ ಒಂದೇ ಒಂದು ನಿಜ ಸುಳ್ಳಾಗಿತ್ತು. ಜನ ಅವನ ಪಕ್ಕದಿಂದ, ಸೋರುವ ಕೊಳಾಯಿಯ ಪಕ್ಕದಿಂದ ಸರಿಯುವಂತೆ, ಸರಿದು ಹೋದರು. ಭಾನುವಾರದ ಊಟದ ಸುದ್ದಿಯನ್ನು ವೆಂಡೆಲ್ ಎತ್ತಲಿಲ್ಲ. ಮುದುಕಿ ಅಬರ್ನಾತಿ ಮಾತ್ರ ವೇದಿಕೆಯ ಅಂಚಿನಲ್ಲಿ ಉಳಿದಿದ್ದ ಪೆಪ್ಪರ್‌ಮಿಂಟನ್ನು ತೆಗೆದು ಅವನ ಜೇಬಿಗೆ ಹಾಕಿ ಹೋದಳು.

ಇಬ್ಬರೂ ಕಾರಿನಲ್ಲಿ ಮನೆಗೆ ಹೊರಟರು. ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೋರಾ ಕಿಟಕಿಯಾಚೆ ನೋಡುತ್ತಿದ್ದಳು.

“ಗಣಿತ ಬರೋದೇ ಇಲ್ಲ ಅಂದ್ಯಂತೆ,” ಎಂದಳು ಕೊನೆಗೆ. “ಬೆರಳು ಎಣಿಸ್ತಾಳೆ ಅಂದ್ಯಂತೆ. ಅಜ್ಜಿ ಹೇಳಿದ್ರು.”

ಲೈಲ್‌ಗೆ ರಸ್ತೆ ಮಂಜಾಗಿ ಕಂಡಿತು. “ಕೋರಾ, ನಾನು...”

“ಎಣಿಸ್ತೀನಿ ಅಪ್ಪ. ಅದು ನಿಜಾನೇ. ಪಂದ್ಯದಲ್ಲೂ ಎಣಿಸಿದೆ, ಮೇಜಿನ ಕೆಳಗೆ.” ಅವಳು ಪೆಟ್ಟಿಗೆಯಲ್ಲಿ ಉಳಿದಿದ್ದ ಕೊನೆಯ ಡೋನಟನ್ನು ಮುರಿದು, ದೊಡ್ಡ ತುಂಡನ್ನು ಅವನಿಗೆ ಕೊಟ್ಟಳು. “ಮುಂದಿನ ಸಲ ನಾನು ಏನಾದ್ರೂ ಹೇಳೋಕೆ ಬಂದ್ರೆ ಫೋನ್ ಇಡು.”

ಸೈಕಮೋರ್ ಬೀದಿಗೆ ತಿರುಗಿದಾಗ ದಾರಿ ತಪ್ಪಿತೇನೋ ಎನಿಸಿತು. ಹಲಗೆಗಳು ಒಂದೂ ಇರಲಿಲ್ಲ. ಗ್ರೆಚೆನ್ ತನ್ನ ಕೊನೆಯ ಹಲಗೆಯನ್ನು, ಮಣ್ಣಿನದೋ ಮಿದುಳಿನದೋ, ಕಾಲಿಂದ ಒದ್ದು ಕೀಳುತ್ತಿದ್ದಳು. ಅವಳ ಮನೆಯ ಮುಂದೆ ಬಿಳಿ ವ್ಯಾನು ನಿಂತಿತ್ತು. ಡ್ರಾಗೋ ಕೋಟು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು ಬಂದ.

“ಮತ್ತೆ ಕೆಲಸಕ್ಕೆ ತೊಗೊಂಡ್ರು ಹ್ಯಾಗರ್ಟಿ ಅವರೇ,” ಎಂದ ತಗ್ಗಿದ ದನಿಯಲ್ಲಿ. “ಸೋಮವಾರದಿಂದ ಆ ಹುಡುಗ ನನ್ನ ಜೊತೆ ಚರಂಡಿಗೆ ಇಳೀಬೇಕಂತೆ. ಕಾಲೇಜಿನವರಿಗೆ ಈಗ ಕೈ ಕೊಳೆ ಆಗಿರೋ ಮಕ್ಕಳು ಬೇಕಂತಲ್ಲ. ಫೋಟೋ ತೆಗೆಯೋಕೆ ಬೇರೆಯವರು ಬರ್ತಾರಂತೆ.”

ಇಡೀ ಬೀದಿಯಲ್ಲಿ ಉಳಿದಿದ್ದು ಲೈಲ್‌ನ ಅಂಗಳದ ನೀಲಿ ಹಲಗೆಯೊಂದೇ. ಬಂಗಾರದ ನಕ್ಷತ್ರಗಳು ಸಂಜೆಬಿಸಿಲಿಗೆ ಊರಿಗೆಲ್ಲ ಕಾಣುವಂತೆ ಹೊಳೆಯುತ್ತಿದ್ದವು. ಲೈಲ್ ಹೋಗಿ ಅದರ ಎರಡೂ ಕಾಲು ಹಿಡಿದ.

“ಬಿಡಪ್ಪ,” ಎಂದಳು ಕೋರಾ ಮೆಟ್ಟಿಲ ಮೇಲಿಂದ. “ನಾನು ಗೆದ್ದಿದ್ದು.”

ಅವನು ಬಿಟ್ಟ. ಬಿಟ್ಟಿದ್ದಷ್ಟೇ ಅಲ್ಲ, ವಾಲಿದ್ದ ಹಲಗೆಯನ್ನು ನೆಟ್ಟಗೆ ಮಾಡಿ, ಬೂಟುಗಾಲಿನಿಂದ ಬುಡದ ಮಣ್ಣನ್ನು ಒತ್ತಿದ.

“ಇನ್ನೂ ಇಟ್ಕೊಂಡಿದೀರಾ ಲೈಲ್?” ಎಂದು ಗ್ರೆಚೆನ್ ರಸ್ತೆಯಾಚೆಯಿಂದ ಕೂಗಿದಳು. “ಸ್ವಲ್ಪ ಬೀದಿ ಮರ್ಯಾದೆ ನೋಡ್ರೀ! ವಿದರ್ಡನ್‌ನವರು ಈ ಕಡೆ ಬಂದರೆ ನಮ್ಮನ್ನೆಲ್ಲ ಏನಂದ್ಕೋತಾರೆ?”

ವೆಂಡೆಲ್ ಬರ್ಕ್ ಎಂದಿನಂತೆ ನಾಯಿ ಹಿಡಿದುಕೊಂಡು, ಎಂದಿನಂತೆ ಲೈಲ್‌ನ ಮುಖ ನೋಡದೆ ಬಂದ. ನಾಯಿ ಮಾತ್ರ ನಿಂತಿತು. ದಿನವೂ ಲೈಲ್‌ನ ಅಂಚೆಪೆಟ್ಟಿಗೆಯ ಕಂಬಕ್ಕೆ ಸಲ್ಲಿಸುತ್ತಿದ್ದ ಗೌರವವನ್ನು ಅಂದು ಚಾಂಪಿಯನ್ ಹಲಗೆಗೆ ಸಲ್ಲಿಸಿ, ಮುಂದಕ್ಕೆ ಹೋಯಿತು.